16ರ ಗುರುತು, 13ರ ಟ್ಯೂಬು

ರಾತ್ರಿ 2 ಗಂಟೆಯ ಫೀಡ್. ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ನನ್ನ ಪಾಲಿಗೆ ಮೂರು ಮಕ್ಕಳು. ಜೊತೆಗಿದ್ದ ಸಿಸ್ಟರನ್ನು ಬೇರೆ ವಾರ್ಡಿಗೆ ಕಳಿಸಿದ್ದರು. ಅದು ಬಿಡಿ, ದಿನಾ ಇದ್ದದ್ದೇ.

ಮೂರನೆಯದು 1300 ಗ್ರಾಂ ಮಗು, 31 ವಾರಕ್ಕೇ ಹುಟ್ಟಿದ್ದು. ಹೀರುವುದು, ನುಂಗುವುದು, ಉಸಿರಾಡುವುದು ಮೂರೂ ಕೂಡಿಬರಲು ಸುಮಾರು 34 ವಾರ ಆಗಬೇಕು. ಅಲ್ಲಿವರೆಗೆ ಟ್ಯೂಬೇ ಗತಿ. ಬಾಯಿಂದ ಹೊಟ್ಟೆಗೆ ಇಳಿಸುವ ಓಜಿ ಟ್ಯೂಬ್, ತುಟಿ ಹತ್ತಿರ 16 ಸೆಂ.ಮೀ. ಗುರುತಿಗೆ ಫಿಕ್ಸ್. 13 ಎಂಎಲ್ ಇಬಿಎಂ, ಅಂದರೆ ಹಿಂಡಿ ತೆಗೆದ ತಾಯಿಹಾಲು.

ಆಸ್ಪಿರೇಟ್ ಮಾಡಿದೆ, ಅಂದರೆ ಹೊಟ್ಟೆಯಲ್ಲಿದ್ದದ್ದು ಬರುತ್ತದಾ ಅಂತ ಸಿರಿಂಜಿನಿಂದ ಎಳೆದು ನೋಡಿದೆ, ಏನೂ ಬರಲಿಲ್ಲ. ಎರಡು ಗಂಟೆ ಆಯ್ತಲ್ಲ, ಜೀರ್ಣವಾಗಿರಬೇಕು ಅಂದುಕೊಂಡೆ. ಚೂರು ಗಾಳಿ ಬಿಟ್ಟು ಹೊಟ್ಟೆ ಮೇಲೆ ಸ್ಟೆತ್ ಇಟ್ಟೆ. 'ಗುಳ್' ಅಂತು. ಧೈರ್ಯ ಬಂತು. ಪ್ಲಂಜರ್ ತೆಗೆದು ಸಿರಿಂಜನ್ನು ಒಂದು ಗೇಣು ಮೇಲೆ ಹಿಡಿದೆ. ಹಾಲು ಇಳಿಯಲೇ ಇಲ್ಲ. ಆಗಲಾದರೂ ಯೋಚಿಸಬೇಕಿತ್ತು, ಅಲ್ವಾ? ನಾನು ಗಡಿಯಾರ ನೋಡಿದೆ. ಪ್ಲಂಜರ್ ಹಾಕಿ ಮೆಲ್ಲಗೆ ಒತ್ತಿದೆ.

4 ಎಂಎಲ್ ಹೋಗಿರಬೇಕು. ತುಟಿಯಂಚಿನಲ್ಲಿ ಹಾಲಿನ ಒಂದು ಹನಿ ಕಂಡಿತು. ಹಾರ್ಟ್ ರೇಟ್ 150 ಇದ್ದದ್ದು 72. ಸ್ಯಾಚುರೇಶನ್, ಅಂದರೆ ರಕ್ತದ ಆಕ್ಸಿಜನ್ ಮಟ್ಟ, 80, 74, 68. ಪುಟ್ಟ ಕೈ ಅಗಲವಾಗಿ ತೆರೆದು ಹಾಗೇ ನಿಂತುಬಿಟ್ಟಿತು. ಫೀಡ್ ನಿಲ್ಲಿಸಿ, ಮಗ್ಗುಲಿಗೆ ತಿರುಗಿಸಿ, ಸಕ್ಷನ್ ಮಾಡಿ, ಬೆನ್ನು ಉಜ್ಜಿ ಆಕ್ಸಿಜನ್ ಕೊಟ್ಟೆ. ಅಂಕಿ ಮೇಲೇರುವವರೆಗೆ ನಾನೂ ಉಸಿರಾಡಿದ ನೆನಪಿಲ್ಲ.

ಡಾಕ್ಟರು ಬಂದವರೇ ಟೇಪ್ ನೋಡಿದರು. "ಇಲ್ಲಿ 13 ಕಾಣ್ತಿದೆಯಲ್ಲ ಸಿಸ್ಟರ್?"

ಜೊಲ್ಲಿಗೆ ಟೇಪ್ ನೆನೆದಿತ್ತು. ಮಗು ನಾಲಿಗೆಯಿಂದ ತಳ್ಳಿ ತಳ್ಳಿ ಟ್ಯೂಬನ್ನು ಮೂರು ಸೆಂ.ಮೀ. ಹೊರಗೆ ಹಾಕಿತ್ತು. ತುದಿ ಅನ್ನನಾಳಕ್ಕೆ ಬಂದಿತ್ತು. ಅಲ್ಲಿಂದ ಗಾಳಿ ಬಿಟ್ಟರೂ ಹೊಟ್ಟೆ ಮೇಲೆ ಸದ್ದು ಕೇಳುತ್ತದೆ. ಇದನ್ನು ನಾನೇ ಸ್ಟೂಡೆಂಟ್ಸ್‌ಗೆ ಹೇಳಿಕೊಟ್ಟವಳು!

ಎಕ್ಸ್‌ರೇ ಕ್ಲಿಯರ್ ಇತ್ತು. ಮಗು ಚೆನ್ನಾಗಿದೆ.

ಮೂಗಿಂದ ಹಾಕಿದ್ದರೆ ಗಟ್ಟಿಯಾಗಿ ಕೂರುತ್ತಿತ್ತು ಅಂದರು ಕೆಲವರು. ಕೂರುತ್ತಿತ್ತೇನೋ. ಆದರೆ ಮೂಗಲ್ಲೇ ಉಸಿರಾಡುವ ಮಗು, ಮೂಗಿನ ಮೂಲಕ ಒತ್ತಡದಲ್ಲಿ ಗಾಳಿ ಕೊಡುವ ಸಿಪ್ಯಾಪ್‌ನಿಂದ ಮೊನ್ನೆಯಷ್ಟೇ ಇಳಿದದ್ದು. ಒಂದು ಹೊಳ್ಳೆ ಮುಚ್ಚಲು ಯಾರಿಗೂ ಮನಸ್ಸಿರಲಿಲ್ಲ. ಹೊಟ್ಟೆಯ ಆಮ್ಲ ಪತ್ತೆಹಚ್ಚುವ ಪಿಎಚ್ ಸ್ಟ್ರಿಪ್ ಇದ್ದಿದ್ದರೆ 5.5 ಅಥವಾ ಅದಕ್ಕಿಂತ ಕಡಿಮೆ ಬರುತ್ತದಾ ಅಂತ ನೋಡಬಹುದಿತ್ತು. ಅದಕ್ಕೂ ಆಸ್ಪಿರೇಟ್ ಬರಬೇಕು, ಬರದಿದ್ದರೆ ಅಲ್ಲೇ ನಿಲ್ಲಬೇಕಿತ್ತು. ಸ್ಟೋರಿಗೆ ಬೇಡಿಕೆ ಪತ್ರ (ಇಂಡೆಂಟ್) ಹಾಕಿ ಎರಡು ವಾರವಾದರೂ ಸ್ಟ್ರಿಪ್ ಬಂದಿರಲಿಲ್ಲ. ಇನ್ಸಿಡೆಂಟ್ ಫಾರ್ಮ್ ಮಾತ್ರ ಬೆಳಗಾಗುವಷ್ಟರಲ್ಲಿ ಬಂತು, ನಾಲ್ಕು ಪುಟ.

ಫೀಡ್ ಚಾರ್ಟಿನಲ್ಲಿ ಟ್ಯೂಬಿನ ಗುರುತಿಗೆ ಕಾಲಮ್ಮೇ ಇಲ್ಲ. ಈಗ ಪ್ರತಿ ಫೀಡಿಗೂ ಅಂಚಿನಲ್ಲಿ ಪೆನ್ನಿಂದ ಬರೆಯುತ್ತೇನೆ. ಚಾರ್ಟ್ ಗಲೀಜು ಮಾಡಬೇಡಿ ಅಂತ ಇನ್‌ಚಾರ್ಜ್ ಎರಡು ಸಲ ಬೈದಿದ್ದಾರೆ. ಬೈಯಲಿ.