ಎತ್ತಿ ತೋರಿಸು ಅಂದರು ಭಾವ

ಶನಿವಾರ, 14 ಜೂನ್ 2025
ರಾತ್ರಿ 11.20

ತೋಳಿಗಿಂತ ತೊಡೆಯೇ ಜಾಸ್ತಿ ನೋಯುತ್ತಿದೆ. ಹಾಗೇ ಆಗಬೇಕು, ತೋಳು ನೋವು ಬಂತು ಅಂದರೆ ಬಿದ್ದ ಬೈಕನ್ನು ಸರಿಯಾಗಿ ಎತ್ತಿಲ್ಲ ಅಂತ ಲೆಕ್ಕ ಎಂದು ಭಾವ ಹೇಳಿ ಕಳಿಸಿದ್ದಾರೆ.

ಬೈಕಿನ ವಿಷಯ ಇನ್ನೂ ತೀರ್ಮಾನ ಆಗಿಲ್ಲ. ರಾಯಲ್ ಎನ್‌ಫೀಲ್ಡ್ ಕಂಪನಿಯ ಸೂಪರ್ ಮೀಟಿಯೋರ್ 650 ಬೇಕು ಅಂತ ಮನಸ್ಸು ಹಟ ಹಿಡಿದಿದೆ. ಅದರ ತೂಕ 241 ಕೆಜಿ. ಈಗ ನಾನು ಓಡಿಸುತ್ತಿರುವ 150 ಸಿಸಿ ಬೈಕು ಅದಕ್ಕಿಂತ ಸುಮಾರು ನೂರು ಕೆಜಿ ಹಗುರ. ಆ ನೂರು ಕೆಜಿಯೇ ಎಲ್ಲ ಚರ್ಚೆಗೂ ಮೂಲ. ಅಕ್ಕ, ಅಮ್ಮ, ಇವರು, ಎಲ್ಲರಿಗೂ ವೇಗದ ಭಯ. ನನ್ನ ಭಯ ಬೇರೆ. ಬೈಕು ಓಡುವಾಗ ನನಗೇನೂ ಅನಿಸುವುದಿಲ್ಲ. ನಿಂತಾಗಲೇ ಎದೆ ಹೊಡೆದುಕೊಳ್ಳುತ್ತದೆ.

ಹೋದ ತಿಂಗಳು ಭಾವ ಅವರ 650 ಕೊಟ್ಟು ಒಂದು ಸುತ್ತು ಹೋಗಿ ಬಾ ಅಂದಿದ್ದರು. ಹೊರಟ ಸ್ವಲ್ಪ ಹೊತ್ತಿಗೇ ತೂಕ ಎಲ್ಲಿ ಹೋಯಿತು ಅಂತ ಹುಡುಕಬೇಕಾಯಿತು. ವೇಗ ಹಿಡಿದ ಮೇಲೆ ಅದು ತಾನೇ ನೆಟ್ಟಗೆ ನಿಲ್ಲುತ್ತದೆ. ಎಡಕ್ಕೆ ತಿರುಗಬೇಕಾದರೆ ಎಡಗೈಯಿಂದ ಹ್ಯಾಂಡಲ್ ಅನ್ನು ಸ್ವಲ್ಪ ಮುಂದಕ್ಕೆ ಒತ್ತಿದರೆ ಸಾಕು, ಎಡಕ್ಕೆ ವಾಲಿ ಹೋಗುತ್ತದೆ. ಎರಡು ಚಕ್ರಗಳ ನಡುವೆ 1500 ಮಿಮೀ ಅಂತರ ಇರುವುದರಿಂದ ನೇರ ರಸ್ತೆಯಲ್ಲಿ ಅಲುಗಾಟವೇ ಇಲ್ಲ. ಸೀಟು ನೆಲದಿಂದ 740 ಮಿಮೀ. ಇದೇ ಕಂಪನಿಯ ಮೀಟಿಯೋರ್ 350ರ ಸೀಟು 765 ಮಿಮೀ. ತೂಕ ಜಾಸ್ತಿ ಇರುವುದರ ಸೀಟೇ ಕೆಳಗಿದೆ! ನನ್ನ ಎತ್ತರಕ್ಕೆ ಪಾದ ಬಹುಪಾಲು ನೆಲಕ್ಕೆ ಕೂರುತ್ತದೆ, ಹಿಮ್ಮಡಿ ಮಾತ್ರ ಸ್ವಲ್ಪ ಎದ್ದಿರುತ್ತದೆ. ದಪ್ಪ ಅಡಿಯ ಶೂ ಹಾಕಿದರೆ ಅದೂ ಕೂರುತ್ತದೆ.

ಆದರೆ ನಿಲ್ಲಿಸಿದ ಕ್ಷಣ ಅದು ಬೇರೆಯೇ ಬೈಕು. ಕಾಲಿಟ್ಟ ಕಡೆ ಮರಳಿದ್ದರೆ? ರಸ್ತೆ ಒಂದು ಕಡೆಗೆ ಇಳಿಜಾರಿದ್ದರೆ? ಹ್ಯಾಂಡಲ್ ತಿರುಗಿರುವಾಗಲೇ ಯಾರೋ ಅಡ್ಡ ಬಂದು ಮುಂದಿನ ಬ್ರೇಕ್ ಹಿಡಿಯಬೇಕಾಗಿ ಬಂದರೆ? ದೊಡ್ಡ ಬೈಕುಗಳು ಬೀಳುವುದು ಹೆಚ್ಚಾಗಿ ಹೀಗೇ. ಅಪಘಾತ ಅನ್ನುವಂಥದ್ದೇನಲ್ಲ. ನಿಂತಲ್ಲೇ ವಾಲಿ, ಮೆಲ್ಲಗೆ ಮಲಗಿಬಿಡುತ್ತವೆ.

ಮೊನ್ನೆ ನಿದ್ದೆ ಬರದೆ ಲೆಕ್ಕ ಹಾಕುತ್ತಾ ಕೂತಿದ್ದೆ. ಬೈಕಿನ ಭಾರದ ಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿದೆ, ಹ್ಯಾಂಡಲ್ ಒಂದು ಮೀಟರ್ ಎತ್ತರದಲ್ಲಿದೆ ಅಂತ ಅಂದಾಜಿಗೆ ಇಟ್ಟುಕೊಂಡೆ. 5 ಡಿಗ್ರಿ ವಾಲಿದಾಗ ಅದನ್ನು ತಡೆಯಲು ಕೈಗೆ ಬೇಕಾಗುವ ಬಲ ಸುಮಾರು 10 ಕೆಜಿ. ಅಷ್ಟು ಪರವಾಗಿಲ್ಲ. 15 ಡಿಗ್ರಿಗೆ 31 ಕೆಜಿ. 30 ಡಿಗ್ರಿಗೆ 60 ಕೆಜಿ. ಅಂದರೆ ಮೊದಲ ಕೆಲವು ಡಿಗ್ರಿಯಲ್ಲೇ ತಡೆದರೆ ತಡೆದ ಹಾಗೆ, ಆಮೇಲೆ ಇಲ್ಲ. ಟ್ಯಾಂಕ್ ಬೇರೆ 15.7 ಲೀಟರಿನದು. ತುಂಬಿಸಿದರೆ ಪೆಟ್ರೋಲ್ ಒಂದೇ 11 ಕೆಜಿಗೂ ಜಾಸ್ತಿ, ಅದೂ ಮೇಲ್ಗಡೆ ಕೂತಿರುತ್ತದೆ.

ಈ ಲೆಕ್ಕವನ್ನು ಇವತ್ತು ಭಾವನಿಗೆ ತೋರಿಸಿದೆ. ಅವರು ಹಾಳೆ ನೋಡಿದರು, ಮಡಚಿ ಜೇಬಿಗೆ ಹಾಕಿಕೊಂಡರು. ಒಳಗಿನಿಂದ ಹಳೇ ಹಾಸಿಗೆ ತಂದು ಅಂಗಳದಲ್ಲಿ ಹಾಸಿದರು.

"ಬಾ, ಇದನ್ನ ಮಲಗಿಸೋಣ."

"ಯಾಕೆ ಭಾವ?"

"ತಗೊಳ್ಲಾ ಬೇಡ್ವಾ ಅಂತ ಇನ್ನೂ ಎಷ್ಟು ದಿನ ಕೇಳ್ತೀಯ? ಒಂದಲ್ಲ ಒಂದು ದಿನ ಇದು ಬಿದ್ದೇ ಬೀಳುತ್ತೆ. ಬಿದ್ದ ದಿನ ನೀನು ಒಬ್ಬಳೇ ಇರ್ತೀಯ ಅಂದ್ಕೋ. ಎತ್ತಿ ತೋರಿಸು. ಆಮೇಲೆ ಮಾತಾಡೋಣ."

ಅಕ್ಕ ಮೇಲಿನಿಂದಲೇ ಕೂಗಿದಳು. "ರೀ, ಏನ್ ಮಾಡ್ತಾ ಇದ್ದೀರಿ? ಅವಳ ಸೊಂಟ ಹಿಡ್ಕೊಂಡ್ರೆ ಯಾರು ನೋಡ್ಕೊಳ್ಳೋದು?"

"ಸೊಂಟದಲ್ಲಿ ಎತ್ತಿಸಲ್ಲ ಕಣೆ, ಕಾಲಲ್ಲಿ ಎತ್ತಿಸ್ತೀನಿ," ಅಂದರು ಭಾವ. ಅಕ್ಕ ಇಳಿದು ಬಂದು ಕೈ ಕಟ್ಟಿಕೊಂಡು ನಿಂತಳು.

ಇಬ್ಬರೂ ಸೇರಿ ಬೈಕನ್ನು ಬಲಕ್ಕೆ ಮಲಗಿಸಿದೆವು. ಪೂರ್ತಿ ಮಲಗಲಿಲ್ಲ. ಕ್ರ್ಯಾಶ್ ಗಾರ್ಡ್ ಹಾಸಿಗೆಗೆ ತಾಗಿ ಅರ್ಧಕ್ಕೇ ನಿಂತಿತು. ಭಾವ ಅದನ್ನು ಬೇಕೆಂದೇ ಹಾಕಿಸಿದ್ದು. ಬಿದ್ದಾಗ ಎಂಜಿನ್ ಉಳಿಯುತ್ತದೆ, ಕಾಲು ಸಿಕ್ಕಿಕೊಳ್ಳುವ ಸಾಧ್ಯತೆ ಕಡಿಮೆ, ಎತ್ತುವಾಗ ಅರ್ಧ ಕೆಲಸ ಆಗಲೇ ಆಗಿರುತ್ತದೆ.

ನಾನು ಬೈಕಿನ ಕಡೆ ಮುಖ ಮಾಡಿ ಬಗ್ಗಲು ಹೋದೆ. ಭಾವ ಭುಜ ಹಿಡಿದು ನಿಲ್ಲಿಸಿದರು. ಮೊದಲು ಕೀ ಆಫ್. ಪೆಟ್ರೋಲ್ ಸೋರುತ್ತಿದೆಯಾ ನೋಡು. ಗೇರ್ ಒಂದರಲ್ಲಿರಲಿ, ಇಲ್ಲದಿದ್ದರೆ ಎತ್ತುವಾಗ ಉರುಳುತ್ತದೆ. ಬಲಕ್ಕೆ ಬಿದ್ದಿದೆ ಅಲ್ವಾ, ಹಾಗಾದರೆ ಸೈಡ್ ಸ್ಟ್ಯಾಂಡ್ ಈಗಲೇ ಬಿಡಿಸಿಡು, ಜಾಸ್ತಿ ಎತ್ತಿ ಆ ಕಡೆ ವಾಲಿದರೂ ಸ್ಟ್ಯಾಂಡ್ ಮೇಲೆ ಕೂರುತ್ತದೆ. ಹ್ಯಾಂಡಲ್ ಪೂರ್ತಿ ತಿರುಗಿಸು, ಮುಂದಿನ ಚಕ್ರ ನೆಲ ನೋಡುತ್ತಿರಲಿ. ಈಗ ಬೆನ್ನು ಕೊಡು. ಸೀಟಿನ ಅಂಚಿಗೆ ಕುಂಡೆ ಒತ್ತಿ ಕುಕ್ಕರುಗಾಲಲ್ಲಿ ಕೂರು. ಒಂದು ಕೈ ಕೆಳಗಿರುವ ಹ್ಯಾಂಡಲ್ ಹಿಡಿಗೆ, ಇನ್ನೊಂದು ಹಿಂದಿನ ಹಿಡಿಕೆಗೆ. ಬೆನ್ನು ನೆಟ್ಟಗೆ. ಎತ್ತಬೇಡ, ಹಿಂದಕ್ಕೆ ನಡಿ. ಚಿಕ್ಕ ಚಿಕ್ಕ ಹೆಜ್ಜೆ.

ಮೊದಲು ಏನೂ ಆಗಲಿಲ್ಲ. ಮಂಡಿ ನಡುಗಿತು, ಅಷ್ಟೇ. ಅಕ್ಕ "ಸಾಕು ಬಿಡೇ" ಅಂದಳು. ಭಾವ ಬಂದು ನನ್ನ ಪಾದ ಬೈಕಿಗೆ ಇನ್ನೂ ಹತ್ತಿರ ಇಡಿಸಿದರು. ಕೈ ಎಳೆಯಬಾರದು, ಸುಮ್ನೆ ಹಿಡಿದಿರಬೇಕು ಅಂದರು. ಆಮೇಲೆ ಒತ್ತಿದಾಗ ಬೆನ್ನ ಹಿಂದೆ ಏನೋ ಸಡಿಲವಾದ ಹಾಗಾಯಿತು. ಒಂದು ಹೆಜ್ಜೆ. ಇನ್ನೊಂದು. ಅರ್ಧ ದಾರಿ ದಾಟಿದ ಮೇಲೆ ಭಾರ ಇಳಿಯುತ್ತಾ ಬಂತು, ನನ್ನ ಹಾಳೆಯಲ್ಲಿದ್ದ ಲೆಕ್ಕದ ಹಾಗೇ, 60 ಇದ್ದದ್ದು 31 ಆಗಿ, 31 ಇದ್ದದ್ದು 10 ಆಗಿ. ಕೊನೆಗೆ ಬೈಕು ನೆಟ್ಟಗಾಗಿ ಸ್ಟ್ಯಾಂಡ್ ಮೇಲೆ ಕೂತ ಸದ್ದು ಕೇಳಿತು. ನಾನು ತಿರುಗಿ ನೋಡಿದೆ. ನಿಂತಿತ್ತು.

ಆ ಖುಷಿಯನ್ನು ಹೇಗೆ ಬರೆಯಬೇಕೋ ಗೊತ್ತಾಗುತ್ತಿಲ್ಲ. ಕೂಗಿಬಿಟ್ಟೆ. ಅಕ್ಕನೂ ಕೂಗಿದಳು.

ಭಾವ ಮಾತ್ರ ನಗಲಿಲ್ಲ. "ಎತ್ತೋದು ಬಂತು. ಇನ್ನೊಂದು ಕಲಿಬೇಕು. ಬೀಳ್ತಾ ಇದೆ ಅಂತ ಗೊತ್ತಾದಾಗ ಬಿಡೋದು. ನೀನೇ ಬರ್ದಿದ್ದೀಯಲ್ಲ, ಹದಿನೈದು ಡಿಗ್ರಿ ದಾಟಿದ್ರೆ ಆಗಲ್ಲ ಅಂತ. ಆಗ ಹಿಡಿಯೋಕೆ ಹೋಗಬೇಡ. ಬೈಕು ಸರಿ ಮಾಡಿಸಬಹುದು. ಕಾಲು ತೆಗೆದು ಪಕ್ಕಕ್ಕೆ ಬಾ." ಇಷ್ಟು ಹೇಳಿ ಅವರು ಹಾಸಿಗೆ ಮಡಚಿದರು.

ಬಿಡುವುದು ನನಗೆ ಕಷ್ಟ. ಕೈಯಲ್ಲಿರುವುದು ಬೀಳುವಾಗ ಕೈ ಮುಂದಾಗುತ್ತದೆ, ಅದು ಯಾರಿಗಾದರೂ ಹಾಗೇ. ಇದನ್ನು ಹೇಗೆ ಅಭ್ಯಾಸ ಮಾಡುವುದು?

ಅಕ್ಕ ಆಮೇಲೆ ನನ್ನನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳಿದಳು. "ನಿಜ ಹೇಳು. ಯಾಕೆ ಬೇಕು? ಈಗಿರೋದು ಚೆನ್ನಾಗೇ ಓಡ್ತಾ ಇದೆಯಲ್ಲ." ಅವಳ ದನಿಯಲ್ಲಿ ಬೈಗುಳ ಇರಲಿಲ್ಲ. ನಿಜಕ್ಕೂ ತಿಳಿದುಕೊಳ್ಳಬೇಕು ಅಂತಲೇ ಕೇಳಿದ್ದು.

ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ನನ್ನ ಆಸೆ ನಿಧಾನದ್ದು. ಬೇಗ ಹೋಗಬೇಕು ಅಂತಿದ್ದರೆ ಬೇರೆ ಎಷ್ಟೋ ಬೈಕುಗಳಿವೆ. 648 ಸಿಸಿಯ ಈ ಎಂಜಿನ್‌ನಿಂದ 47 ಪಿಎಸ್ (ಅಶ್ವಶಕ್ತಿ) ಬರುತ್ತದೆ, ಅಷ್ಟೇ ಸಿಸಿಯ ಬೇರೆ ಎಂಜಿನ್‌ಗಳು ಇದಕ್ಕಿಂತ ಜಾಸ್ತಿ ಕೊಡುತ್ತವೆ. ಇದರ ಗುಣ ಕೆಳಗಿನ ವೇಗದಲ್ಲಿದೆ. ದೊಡ್ಡ ಗೇರಿನಲ್ಲೇ ನಿಧಾನವಾಗಿ ಹೋಗುತ್ತಾ ಆಕ್ಸಿಲರೇಟರ್ ಸ್ವಲ್ಪ ತಿರುವಿದರೆ ಕಿರಿಕಿರಿ ಇಲ್ಲದೆ ಎಳೆಯುತ್ತದೆ. ಇದರ ಸದ್ದಿಗೂ ಒಂದು ಕಾರಣ ಇದೆ. ಎರಡು ಸಿಲಿಂಡರ್ ಪಕ್ಕಪಕ್ಕ ಇದ್ದರೂ ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ದಂಡದಲ್ಲಿ ಅವುಗಳ ಜಾಗಕ್ಕೆ 270 ಡಿಗ್ರಿ ಅಂತರ ಇರುವುದರಿಂದ ಎರಡೂ ಸಮ ಅಂತರದಲ್ಲಿ ಉರಿಯುವುದಿಲ್ಲ. ಒಂದು ಬಡಿತ ಬೇಗ, ಇನ್ನೊಂದು ತಡ. 1903ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಶುರುವಾದ ಹಾರ್ಲೆ ಡೇವಿಡ್ಸನ್ನಿನ 45 ಡಿಗ್ರಿ ವಿ ಟ್ವಿನ್ನಿನಲ್ಲೂ (ಎರಡು ಸಿಲಿಂಡರ್ ವಿ ಆಕಾರದಲ್ಲಿರುವ ಎಂಜಿನ್) ಬಡಿತ ಹೀಗೇ ಏರುಪೇರು. 650ರ ಆ ಬಡಿತ ಸೀಟಿನಿಂದ ಬೆನ್ನಿಗೆ ಬರುತ್ತದೆ. ಅದರ ಮೇಲೆ ಕೂತು ಗಂಟೆಗೆ 70, 80ರಲ್ಲಿ ಇಡೀ ದಿನ ಹೋಗುತ್ತಿರಬೇಕು. ಯಾರನ್ನೂ ಹಿಂದೆ ಹಾಕುವುದು ಬೇಡ.

ಅಕ್ಕ ತುಂಬ ಹೊತ್ತು ಸುಮ್ಮನಿದ್ದಳು. "ಸರಿ, ಆದ್ರೆ ಕಲಿತು ಓಡಿಸು," ಅಂದಳು.

ಮನೆಗೆ ಬಂದು ಹರ್ಟ್ ವರದಿ ಮತ್ತೆ ತೆಗೆದೆ. ಹಳೆಯದು, ಅಮೆರಿಕದ್ದು, 1981ರದು. ಲಾಸ್ ಏಂಜಲೀಸ್ ಕಡೆ ನಡೆದ ಸುಮಾರು 900 ಬೈಕ್ ಅಪಘಾತಗಳನ್ನು ಜಾಗಕ್ಕೇ ಹೋಗಿ ನೋಡಿ ಬರೆದದ್ದು. ಎದುರಿನ ಗಾಡಿಯವರಿಗೆ ಬೈಕು ಕಾಣಲೇ ಇಲ್ಲ ಅನ್ನುವ ಮಾತು ಅದರಲ್ಲಿ ಮತ್ತೆ ಮತ್ತೆ ಬರುತ್ತದೆ. ಅಪಾಯ ಕಂಡ ಮೇಲೆ ಸವಾರನಿಗೆ ಸಿಗುವುದು 2 ಸೆಕೆಂಡಿಗಿಂತ ಕಡಿಮೆ. ಆ ಹೊತ್ತಿನಲ್ಲಿ ಹೆಚ್ಚಿನವರು ಹಿಂದಿನ ಬ್ರೇಕ್ ತುಳಿದು ಜಾರಿದ್ದಾರೆ, ಮುಂದಿನದನ್ನು ಸರಿಯಾಗಿ ಹಿಡಿದೇ ಇಲ್ಲ. ಈಗ ಬ್ರೇಕ್ ಜೋರಾಗಿ ಹಿಡಿದರೂ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ಎಬಿಎಸ್ ಇದೆ, ಅದೊಂದು ಸಮಾಧಾನ. ಆದರೆ ಇವತ್ತು ನನ್ನ ಕಣ್ಣು ನಿಂತದ್ದು ಬೇರೊಂದು ಸಾಲಿನ ಮೇಲೆ. ಅಪಘಾತವಾದ ಸವಾರರಿಗೆ ಬೈಕು ಓಡಿಸಿ ಹೆಚ್ಚುಕಡಿಮೆ 3 ವರ್ಷದ ಅನುಭವ ಇತ್ತು. ಆದರೆ ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಬಿದ್ದ ಆ ಬೈಕಿನ ಮೇಲೆ ಇದ್ದ ಅನುಭವ 5 ತಿಂಗಳಿಗಿಂತ ಕಡಿಮೆ.

ಅಂದರೆ ನಾನು ಇಷ್ಟು ವರ್ಷ ಓಡಿಸಿದ್ದೇನೆ ಅನ್ನುವುದು ಹೊಸ ಬೈಕಿಗೆ ಗೊತ್ತಿರುವುದಿಲ್ಲ. ಇನ್ನೊಂದು ಸಾಲು: ಅವರಲ್ಲಿ ನೂರಕ್ಕೆ 92 ಜನ ತಾವೇ ಕಲಿತವರು, ಇಲ್ಲ ಮನೆಯವರಿಂದಲೋ ಗೆಳೆಯರಿಂದಲೋ ಕಲಿತವರು. ಭಾವ ಎಷ್ಟೇ ಚೆನ್ನಾಗಿ ಹೇಳಿಕೊಟ್ಟರೂ ಸರಿಯಾದ ತರಬೇತಿಗೆ ಹೋಗಲೇಬೇಕು. ನಿಧಾನದ ತಿರುವು, ಅರ್ಧ ಕ್ಲಚ್, ಹಿಂದಿನ ಬ್ರೇಕ್ ಮೆಲ್ಲಗೆ ಒತ್ತಿ ಹಿಡಿಯುವುದು, ನೆಲ ನೋಡದೆ ಹೋಗಬೇಕಾದ ಕಡೆ ನೋಡುವುದು. ಈ ಒಂದು ನಿರ್ಧಾರ ಇವತ್ತೇ ಆಯಿತು. ಬೈಕು ಬಂದರೂ ಬರದಿದ್ದರೂ ತರಬೇತಿಗೆ ಸೇರುತ್ತೇನೆ.

350 ತೆಗೆದುಕೊಂಡರೆ ಸಾಲದಾ ಅಂತ ಇವರು ಕೇಳುತ್ತಾರೆ. 191 ಕೆಜಿ. ಬುದ್ಧಿ ಹೂಂ ಅನ್ನುತ್ತದೆ. 650ರಲ್ಲಿ ಹಿಂದಿನ ಸಸ್ಪೆನ್ಷನ್ ಆಡುವುದು 101 ಮಿಮೀ ಮಾತ್ರ, ಕಾಲು ಮುಂದಿರುವುದರಿಂದ ಗುಂಡಿ ಬಂದಾಗ ಎದ್ದು ನಿಲ್ಲುವುದಕ್ಕೂ ಆಗುವುದಿಲ್ಲ, ಏಟೆಲ್ಲ ಬೆನ್ನಿಗೆ. ನೆಲಕ್ಕೂ ಎಂಜಿನ್ನಿಗೂ 135 ಮಿಮೀ ಜಾಗ. ಇದೆಲ್ಲ ಗೊತ್ತಿದೆ. ಗೊತ್ತಿದ್ದೂ ಬೇಕು ಅನಿಸುತ್ತಿದೆ. ಇವತ್ತು ಎತ್ತಿದ ಮೇಲಂತೂ ಇನ್ನೂ ಜಾಸ್ತಿ.

ಈಗಷ್ಟೇ ಮಗಳ ಮೆಸೇಜ್ ಬಂತು. ಅಕ್ಕ ಅವಳಿಗೆ ವಿಡಿಯೊ ಕಳಿಸಿದ್ದಾಳೆ. "ಅಮ್ಮಾ ಸೂಪರ್! ತಗೊಂಡ್ರೆ ಹಿಂದೆ ಮೊದಲು ಕೂರೋದು ನಾನೇ."

ಓದಿ ಎದ್ದು ಕೂತೆ. ಇದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅವಳು 55 ಕೆಜಿ. ಅವಳ ಭಾರ ಬೈಕಿನ ಭಾರದ ಹಾಗೆ ಅರ್ಧ ಮೀಟರಿನಲ್ಲಿ ಇರುವುದಿಲ್ಲ, ಹ್ಯಾಂಡಲ್ಲಿನಷ್ಟು ಎತ್ತರದಲ್ಲಿರುತ್ತದೆ. 15 ಡಿಗ್ರಿಗೆ ಅವಳದೇ 14 ಕೆಜಿ. 31ಕ್ಕೆ ಸೇರಿಸಿದರೆ 45. ಹಾಗಾದರೆ ನನ್ನ ಕೈಗೆ ಸಿಗುವ ಡಿಗ್ರಿ ಇನ್ನೂ ಕಡಿಮೆ. ಭಾವ ಹೇಳಿದ ಹಾಗೆ ಬಿಟ್ಟುಬಿಡೋಣ ಅಂದರೆ ಹಿಂದೆ ಅವಳಿದ್ದಾಗ ಬಿಡುವುದು ಹೇಗೆ? ಮೊದಲು ನಾನು ಎರಡೂ ಕಾಲು ಊರಿ, ಮುಂದಿನ ಬ್ರೇಕ್ ಹಿಡಿದು, ಹತ್ತು ಅಂದ ಮೇಲೆ ಅವಳು ಹತ್ತುವುದು ಅಂತ ಮಾಡಿದರೆ? ನಿಂತಾಗ ಅಲುಗಾಡಬಾರದು ಅಂತ ಅವಳಿಗೂ ಕಲಿಸಬೇಕು. ಅಥವಾ ಮೊದಲ 5 ತಿಂಗಳು ಯಾರನ್ನೂ ಕೂರಿಸುವುದೇ ಬೇಡವಾ? ನಾಳೆ ಬೆಳಿಗ್ಗೆ ಭಾವನಿಗೆ ಫೋನ್ ಮಾಡಿ ಇದೊಂದು ಕೇಳಬೇಕು.