ನೀರಿನಲ್ಲಿ ಪ್ರೋಟೀನ್ ಇಲ್ಲದ್ದೇ ತಕರಾರು: ಕಿಡ್ನಿ ಬೆಂಚ್ ಮಾದರಿ, ಮೂರನೇ ಕಂತು

ನೀರು, ವಾಲ್ವ್, ಫಿಲ್ಟರ್ ಇಟ್ಟು ಮೇಜಿನ ಮೇಲೆ ಕಟ್ಟಿದ ನಮ್ಮ ಕಿಡ್ನಿ ಮಾದರಿಯಲ್ಲಿ ಎಫರೆಂಟ್ (ಸೋಸುವ ಜಾಗದಿಂದ ರಕ್ತ ಹೊರಹೋಗುವ ನಾಳದ) ವಾಲ್ವ್ ಬಿಗಿದಷ್ಟೂ ಸೋಸುವಿಕೆ ಏರುತ್ತಲೇ ಹೋಗುತ್ತಿತ್ತಲ್ಲ, ಆ ಹಟ ಕೊನೆಗೂ ಮುರಿಯಿತು. ಈಗ ಗ್ರಾಫ್ ಏರುತ್ತದೆ, ಬಾಗುತ್ತದೆ, ಇಳಿಯುತ್ತದೆ. ಈ ಎಫರೆಂಟ್ ನಾಳವನ್ನು ಬಿಗಿಯುವ ಹಾರ್ಮೋನ್ ಆಂಜಿಯೋಟೆನ್ಸಿನ್-2 ಅತಿಯಾದಾಗ ನಿಜವಾದ ಕಿಡ್ನಿಯಲ್ಲೂ ಹೀಗೇ ಆಗುವುದು. ಪಂಪು, ಮೇಲ್ತೊಟ್ಟಿ, ಸೆನ್ಸರ್ ಕ್ಯಾಲಿಬ್ರೇಶನ್ ಎಲ್ಲರಿಗೂ ಗೊತ್ತಿರುವಂಥದ್ದು, ಅದನ್ನು ಬಿಟ್ಟು ನೇರ ವಿಷಯಕ್ಕೆ ಬರೋಣ.

ಮೂಲ ಹೊಂದಾಣಿಕೆ ಮೊದಲಿನದ್ದೇ. ಮೇಲ್ತೊಟ್ಟಿ 136 ಸೆಂ.ಮೀ. ಎತ್ತರದಲ್ಲಿ, ಅಂದರೆ 100 ಮಿ.ಮೀ. ಪಾದರಸ. ನಿಮಿಷಕ್ಕೆ 600 ಮಿ.ಲೀ. ಹರಿವು, ಇದು ಎರಡೂ ಕಿಡ್ನಿಗಳ ಪ್ಲಾಸ್ಮಾ ಲೆಕ್ಕ. ಅಫರೆಂಟ್ (ರಕ್ತ ಒಳಬರುವ ನಾಳದ) ವಾಲ್ವ್ ದಾಟಿ, ಗ್ಲೊಮೆರುಲಸ್ ಎಂಬ ಸೋಸುವ ರಕ್ತನಾಳದ ಗುಚ್ಛದ ಜಾಗದಲ್ಲಿರುವ ಹಾಲೋ ಫೈಬರ್ ಕಾರ್ಟ್ರಿಜ್‌ಗೆ ಬರುವಷ್ಟರಲ್ಲಿ ಒತ್ತಡ 60. ಕಾರ್ಟ್ರಿಜ್ ಬೇಕಾದ್ದಕ್ಕಿಂತ ಸಡಿಲವಾಗಿ ಸೋಸುವುದರಿಂದ ಸೋಸಿದ ನೀರಿನ ದಾರಿಗೆ ನೀಡಲ್ ವಾಲ್ವ್ ಹಾಕಿ, 11 ಮಿ.ಮೀ. ನಿವ್ವಳ ಒತ್ತಡಕ್ಕೆ ನಿಮಿಷಕ್ಕೆ 120 ಮಿ.ಲೀ. ಬರುವಂತೆ ಕಟ್ಟಿದೆ. ಸೋಸಿದ ದ್ರವ ಮೊದಲು ಸೇರುವ ಬೌಮನ್ ಕೋಶದ 18, ಪ್ರೋಟೀನ್ ಸೆಳೆತದ 31, ಒಟ್ಟು 49 ಮಿ.ಮೀ. ಎದುರೊತ್ತಡಕ್ಕಾಗಿ ಸೋಸಿದ ನೀರಿನ ಹೊರಬಾಯಿಯನ್ನು ಸುಮಾರು 67 ಸೆಂ.ಮೀ. ಎತ್ತರದಲ್ಲಿ ಕೂರಿಸಿದೆ.

ತಪ್ಪು ಅಡಗಿದ್ದದ್ದು ಆ ಕದಲದ 67 ಸೆಂ.ಮೀ.ನಲ್ಲಿ. ಎಫರೆಂಟ್ ಪ್ರತಿರೋಧವನ್ನು ಮೂರು ಪಟ್ಟು ಮಾಡಿದರೆ ಸೋಸುವಿಕೆ 240ರ ಹತ್ತಿರ, ಐದು ಪಟ್ಟಿಗೆ 270. ದೇಹದಲ್ಲಿ ಇದು ಅಸಾಧ್ಯ. ಹೆಚ್ಚು ನೀರು ಸೋಸಿಹೋದಂತೆ ಒಳಗೆ ಉಳಿದ ರಕ್ತದಲ್ಲಿ ಪ್ರೋಟೀನ್ ದಟ್ಟವಾಗುತ್ತದೆ, ಅದು ನೀರನ್ನು ಹಿಂದಕ್ಕೆ ಎಳೆಯುತ್ತದೆ. ನಲ್ಲಿ ನೀರಿಗೆ ಆ ಗುಣವಿಲ್ಲ. ಆಲ್ಬುಮಿನ್ ಕರಗಿಸಿದರೆ ಕಾರ್ಟ್ರಿಜ್ ಕಟ್ಟಿಕೊಂಡು ನಾರುತ್ತದೆ, ಆ ದಾರಿ ಬೇಡವೇ ಬೇಡ.

ಪರಿಹಾರ: ಹೊರಬಾಯಿಯನ್ನೇ ಮೇಲೆ ಕೆಳಗೆ ಸರಿಸುವುದು. ಟಿ8 ಲೀಡ್ ಸ್ಕ್ರೂ, ಒಂದು ಸುತ್ತು ತಿರುಗಿದರೆ 8 ಮಿ.ಮೀ. ಏರಿಕೆ; ಒಂದು ಮಿ.ಮೀ. ಪಾದರಸಕ್ಕೆ 13.6 ಮಿ.ಮೀ. ಏರಿಕೆ, ಅಂದರೆ 1.7 ಸುತ್ತು, ಸ್ಟೆಪ್ಪರ್‌ನ 340 ಪೂರ್ಣ ಹೆಜ್ಜೆ. ಸೋಸಿದ ನೀರನ್ನು ಲೋಡ್ ಸೆಲ್ ತೂಗುತ್ತದೆ, ಒಳಹರಿವನ್ನು ಫ್ಲೋ ಮೀಟರ್ ಹೇಳುತ್ತದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸೋಸುವಿಕೆಯ ಪಾಲು. ಒಳಬರುವ ಪ್ರೋಟೀನ್ ಡೆಸಿಲೀಟರ್‌ಗೆ 7 ಗ್ರಾಂ ಎಂದಿಟ್ಟು ಹೊರಹೋಗುವಾಗಿನ ಸಾಂದ್ರತೆ 'ಸಿ' ಲೆಕ್ಕ ಹಾಕಿ, ಲ್ಯಾಂಡಿಸ್-ಪ್ಯಾಪನ್‌ಹೈಮರ್ ಎಂಬ, ಸಾಂದ್ರತೆಯಿಂದ ಪ್ರೋಟೀನ್ ಸೆಳೆತ ಹೇಳುವ ಸೂತ್ರಕ್ಕೆ ಹಾಕಬೇಕು: 2.1ಸಿ + 0.16ಸಿ² + 0.009ಸಿ³. ಒಳಗೆ ಬರುವಾಗ 25.6, ಐದನೇ ಒಂದು ಪಾಲು ಸೋಸಿದ ಮೇಲೆ 36.7, ಐದನೇ ಎರಡು ಪಾಲು ಸೋಸಿದರೆ 60 ದಾಟುತ್ತದೆ. ಆ ವರ್ಗ, ಘನ ಪದಗಳೇ ಇಲ್ಲಿ ಯಜಮಾನರು. 25.6, 36.7ರ ಸರಾಸರಿಯೇ ಮೇಲೆ ಹೇಳಿದ 31; ಹೀಗೆ ಬಂದ ಸರಾಸರಿಗೆ 18 ಕೂಡಿಸಿ ಹೊರಬಾಯಿಯ ಎತ್ತರ ಹೊಂದಿಸಬೇಕು.

ಕೋಡ್ ಓಡಿಸಿದರೆ ಇನ್ನೊಂದು ಕಾಟ. ಸಾಮಾನ್ಯ ಸ್ಥಿತಿಯಲ್ಲಿ ಹೊರಬಾಯಿ ಶಾಂತವಾಗಿ ನಿಲ್ಲುತ್ತದೆ, ಎಫರೆಂಟ್ ಮೂರು ಪಟ್ಟಾದ ಕೂಡಲೇ ಉಯ್ಯಾಲೆಯಂತೆ ತೂಗಲು ಶುರು. ಮೋಟರ್ ಮೇಲೆ ಅನುಮಾನಪಡಬೇಡಿ, ದೋಷ ಲೆಕ್ಕದ್ದು. ಸಾಮಾನ್ಯ ಸ್ಥಿತಿಯಲ್ಲಿ ಲೂಪ್ ಗೇನ್ (ಒಂದು ತಿದ್ದುಪಡಿ ಸುತ್ತಿ ಬಂದು ಎಷ್ಟು ಪಟ್ಟು ಎದುರು ತಿದ್ದುಪಡಿ ಕೇಳುತ್ತದೆ ಎಂಬ ಲೆಕ್ಕ) ಸುಮಾರು 0.5, ಮೂರು ಪಟ್ಟಿನಲ್ಲಿ 2ರ ಹತ್ತಿರ. ಪೂರ್ತಿ ತಿದ್ದುಪಡಿಯನ್ನು ಒಮ್ಮೆಗೇ ಮಾಡಿದರೆ ಗೇನ್ 1 ದಾಟಿದ ಮೇಲೆ ತೂಗಾಟ ಖಂಡಿತ. ಪ್ರತಿ ಸಲ ಕಾಲು ಭಾಗ ಮಾತ್ರ ತಿದ್ದಿ, ಲೋಡ್ ಸೆಲ್‌ಗೆ 10 ಸೆಕೆಂಡಿನ ಸರಾಸರಿ ಕೊಟ್ಟರೆ ತಣ್ಣಗಾಗುತ್ತದೆ.

ಈಗಿನ ಅಂಕಿಗಳು ನೋಡಿ: ಎಫರೆಂಟ್ ಎರಡು ಪಟ್ಟಿಗೆ ಸೋಸುವಿಕೆ ಸುಮಾರು 150, ಮೂರು ಪಟ್ಟಿಗೆ ಅದರ ಆಸುಪಾಸಿನಲ್ಲೇ, ಐದು ಪಟ್ಟಿಗೆ 126. ಎಂಥ ಚೆಂದದ ಬಾಗು!

ಟ್ಯೂಬ್ ಮಾರುವವರ ಬಗ್ಗೆ ಒಂದು ಮಾತು ಹೇಳಲೇಬೇಕು. 6 ಮಿ.ಮೀ. ಒಳವ್ಯಾಸ ಎಂದು ಆನ್‌ಲೈನ್‌ನಲ್ಲಿ ಕೊಂಡ ಸಿಲಿಕೋನ್ ಟ್ಯೂಬ್ ಅಳೆದರೆ 5.5. ಅರ್ಧ ಮಿ.ಮೀ. ತಾನೇ ಅನ್ನುವ ಹಾಗಿಲ್ಲ. ಪ್ರತಿರೋಧ ವ್ಯಾಸದ ನಾಲ್ಕನೇ ಘಾತಕ್ಕೆ ಬದಲಾಗುವುದರಿಂದ ಅದು ಶೇ. 40ರಷ್ಟು ಏರಿಬಿಡುತ್ತದೆ. ರಕ್ತನಾಳ ಚೂರೇ ಚೂರು ಮುದುಡಿದರೂ ಹಾರ್ಮೋನಿಗೆ ಅಷ್ಟು ಬಲ ಬರುವುದು ಇದೇ ನಿಯಮದಿಂದ. ಅದಿರಲಿ, ಪಿಂಚ್ ವಾಲ್ವ್‌ನ ಕೋನವನ್ನು ನಂಬಬೇಡಿ. ಸಿಲಿಕೋನ್ ಹೊತ್ತು ಹೋದಂತೆ ಸೊರಗುತ್ತದೆ. ಒತ್ತಡದ ವ್ಯತ್ಯಾಸವನ್ನು ಹರಿವಿನಿಂದ ಭಾಗಿಸಿ ಪ್ರತಿರೋಧವನ್ನೇ ಗುರಿಯಾಗಿಡಿ.

ಇಷ್ಟೆಲ್ಲ ಮಾಡಿದ್ದು ಒಂದು ಪರೀಕ್ಷೆಗಾಗಿ. ಎರಡೂ ಕಿಡ್ನಿಗಳ ಧಮನಿ ಕಿರಿದಾದ ರಕ್ತದೊತ್ತಡದ ರೋಗಿಗೆ ಎನಲಾಪ್ರಿಲ್ ಥರದ, ಆಂಜಿಯೋಟೆನ್ಸಿನ್-2 ತಯಾರಾಗದಂತೆ ತಡೆಯುವ ಮಾತ್ರೆ ಕೊಟ್ಟರೆ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ತ್ಯಾಜ್ಯ) ರಕ್ತದಲ್ಲಿ ಯಾಕೆ ಜಿಗಿಯುತ್ತದೆ? ತೋಳಿನಲ್ಲಿ ಒತ್ತಡ ಎಷ್ಟೇ ಹೆಚ್ಚಿರಲಿ, ಕಿರಿದಾದ ಜಾಗದ ಆಚೆ ಅದು ಕಡಿಮೆ. ತೊಟ್ಟಿಯನ್ನು 82 ಸೆಂ.ಮೀ.ಗೆ ಇಳಿಸಿ, ಅಂದರೆ 60 ಮಿ.ಮೀ. ಪಾದರಸ; ಅಫರೆಂಟ್ ಪ್ರತಿರೋಧವನ್ನು ಮೊದಲಿನ 0.6 ಪಟ್ಟಿಗೆ ಸಡಿಲಿಸಿ, ಎಫರೆಂಟ್ ಮೂರು ಪಟ್ಟು ಇಡಿ. ಸೋಸುವಿಕೆ ಸುಮಾರು 37ರಲ್ಲಿ ಉಸಿರು ಹಿಡಿದಿರುತ್ತದೆ. ಮಾತ್ರೆಯ ಕೆಲಸ ಎಂದು ಎಫರೆಂಟನ್ನು ಒಂದು ಪಟ್ಟಿಗೆ ಬಿಟ್ಟರೆ 12ಕ್ಕೆ ಕುಸಿಯುತ್ತದೆ. ಒಟ್ಟು ಹರಿವು ಮಾತ್ರ ದುಪ್ಪಟ್ಟಾಗುತ್ತದೆ! ರಕ್ತ ಧಾರಾಳ, ಸೋಸುವ ಒತ್ತಡ ಇಲ್ಲ. ಮಾತ್ರೆ ಶುರುಮಾಡಿದ ಒಂದೆರಡು ವಾರದಲ್ಲಿ ವೈದ್ಯರು ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡುವುದು ಇದಕ್ಕೇ. ಕ್ರಿಯಾಟಿನಿನ್‌ನಲ್ಲಿ ಶೇ. 30ರೊಳಗಿನ ಏರಿಕೆಯನ್ನು ಸಾಮಾನ್ಯವಾಗಿ ಒಪ್ಪುತ್ತಾರೆ; ಅಷ್ಟಕ್ಕೇ ಹೆದರಿ ಮಾತ್ರೆ ಬಿಡುವಂತಿಲ್ಲ.

ಇದೇ ಸೂತ್ರ ಉಪ್ಪಿನ ಲೆಕ್ಕಕ್ಕೂ ಬಾಗಿಲು ತೆರೆದಿದೆ. ಗ್ಲೊಮೆರುಲಸ್‌ನಿಂದ ಹೊರಟ ದಟ್ಟ ರಕ್ತವೇ ಮುಂದೆ ನಳಿಕೆಗಳ ಸುತ್ತ ಹರಿದು ನೀರು, ಸೋಡಿಯಂ ಎರಡನ್ನೂ ವಾಪಸ್ ಎಳೆಯುತ್ತದೆ. ಆಂಜಿಯೋಟೆನ್ಸಿನ್ ಹೆಚ್ಚಿದ್ದಾಗ ಒತ್ತಡ ಏರಿದರೂ ಕಿಡ್ನಿ ಉಪ್ಪನ್ನು ಬಿಟ್ಟುಕೊಡದೇ ಇರುವುದಕ್ಕೆ ಇದೂ ಒಂದು ಕಾರಣ.

ಹಾಗಾಗಿ ಮುಂದಿನ ಬೆಂಚ್‌ನಲ್ಲಿ ಎರಡು ಕಿಡ್ನಿ, ಒಂದಕ್ಕೆ ಕ್ಲ್ಯಾಂಪ್, 1934ರಲ್ಲಿ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಗಳ ಕಿಡ್ನಿ ಧಮನಿಗೆ ಹಾಕಿದಂಥದ್ದು. ಕ್ಲ್ಯಾಂಪ್ ಇರುವ ಕಡೆಯ ಒತ್ತಡ ಇಳಿದರೆ ಕೋಡ್ ರೆನಿನ್ (ಆಂಜಿಯೋಟೆನ್ಸಿನ್ ಹುಟ್ಟಿಸುವ ಕಿಣ್ವ) ಬಿಡುತ್ತದೆ, ಅದು ಎರಡೂ ಕಡೆಯ ಎಫರೆಂಟ್ ವಾಲ್ವ್ ಬಿಗಿಯುತ್ತದೆ. ಆಲ್ಡೋಸ್ಟಿರಾನ್‌ಗೆ (ಕಿಡ್ನಿ ಉಪ್ಪು ಹಿಡಿದಿಡುವಂತೆ ಮಾಡುವ ಹಾರ್ಮೋನ್) ಬೇರೆಯೇ ಗಡಿಯಾರ ಬೇಕು: ಆಂಜಿಯೋಟೆನ್ಸಿನ್ ರಕ್ತದಲ್ಲಿ ಉಳಿಯುವುದು ಒಂದೆರಡು ನಿಮಿಷ, ಆಲ್ಡೋಸ್ಟಿರಾನ್ ಸೋಡಿಯಂ ಸಾಗಣೆ ಹೆಚ್ಚಿಸಲು ಮುಕ್ಕಾಲು ಗಂಟೆಯಾದರೂ ಹಿಡಿಯುತ್ತದೆ. ಎರಡನ್ನೂ ಒಂದೇ ಟೈಮರ್‌ಗೆ ಕಟ್ಟಿದರೆ ಈ ಸಲ ತೊಟ್ಟಿಯ ಎತ್ತರವೇ, ಅಂದರೆ ರಕ್ತದೊತ್ತಡವೇ, ತೂಗಾಡುತ್ತದೆ. ಎರಡನೇ ಕಾರ್ಟ್ರಿಜ್‌ಗೂ ಬೇರೆ ಲೋಡ್ ಸೆಲ್ ಇಡಿ. ಸೋಸಿದ ನೀರನ್ನು ಒಟ್ಟಿಗೆ ತೂಗಿದರೆ ಒಳ್ಳೆಯ ಕಿಡ್ನಿ ಕೆಟ್ಟದ್ದರ ಕುಸಿತವನ್ನು ಮುಚ್ಚಿಬಿಡುತ್ತದೆ.