ಬ್ರಿಕ್ಸ್ ಬಂತು ಅಂತ ಕೊಯ್ದುಬಿಡಬೇಡಿ

ನಾನು ಜತ್ತ ತಾಲೂಕಿನವನು. ಸಾಂಗಲಿ ಜಿಲ್ಲೆಯ ಒಂದು ವೈನರಿಯ ಲ್ಯಾಬಿನಲ್ಲಿ ಕೆಲಸ. ವೈನ್ ಎಷ್ಟು ಚೆನ್ನಾಗಿ ಬರುತ್ತದೆ ಅನ್ನೋದು ಬಹುಪಾಲು ತೋಟದಲ್ಲೇ ತೀರ್ಮಾನ ಆಗುತ್ತದೆ, ಅದೂ ಕೊಯ್ಯುವ ದಿನ. ಆ ದಿನವನ್ನು ಬ್ರಿಕ್ಸ್, ಅಂದರೆ ರಸದ ಸಕ್ಕರೆ ಅಳತೆ, ಒಂದನ್ನೇ ನೋಡಿ ಗೊತ್ತುಮಾಡಬಾರದು. ಆಮೇಲೆ ನಾವು ಮಾಡುವುದು ಹೆಚ್ಚಾಗಿ ಅದನ್ನು ಕೆಡದಂತೆ ಕಾಯುವ ಕೆಲಸ.

ನಮ್ಮ ಕಡೆ ಥಾಮ್ಸನ್, ಸೋನಾಕಾ ದ್ರಾಕ್ಷಿ ಬೆಳೆದು ರೂಢಿ. ಜಿಎ (ಜಿಬ್ಬರೆಲಿಕ್ ಆಮ್ಲ ಅನ್ನುವ ಬೆಳವಣಿಗೆ ಹಾರ್ಮೋನ್) ದ್ರಾವಣದಲ್ಲಿ ಗೊನೆ ಅದ್ದಿ ಕಾಳು ದಪ್ಪ ಮಾಡಿದರೆ ಪೇಟೆಯಲ್ಲಿ ದರ, ಇಲ್ಲವಾದರೆ ಒಣಗಿಸಿ ಮಣೂಕ (ಒಣದ್ರಾಕ್ಷಿ). ವೈನಿಗೆ ಬೇಕಾದದ್ದು ಇದರ ಉಲ್ಟಾ. ಶಿರಾಜ್, ಕ್ಯಾಬರ್ನೆಯಂಥ ಕೆಂಪು ವೈನ್ ದ್ರಾಕ್ಷಿಯ ಕಾಳು ಸಣ್ಣದಿದ್ದಷ್ಟೂ ಒಳ್ಳೆಯದು. ಇವುಗಳ ರಸಕ್ಕೆ ಬಣ್ಣವೇ ಇಲ್ಲ, ಕೆಂಪೆಲ್ಲ ಸಿಪ್ಪೆಯಲ್ಲಿ. ಕಾಳು ಸಣ್ಣದಾದರೆ ಅಷ್ಟೇ ರಸಕ್ಕೆ ಸಿಪ್ಪೆ ಜಾಸ್ತಿ ಸಿಗುತ್ತದೆ. ಅದಕ್ಕೇ ನೀರು ಕಡಿಮೆ ಬಿಡಿ ಅನ್ನುತ್ತೇವೆ. ತೋಟದ ಕಾಕಾ ಒಬ್ಬರು ನೇರವಾಗಿ ಕೇಳಿದರು, "ತೂಕ ಬರ್ಲಿಲ್ಲಂದ್ರ ರೊಕ್ಕ ಯಾರ್ ಕೊಡ್ತಾರಪಾ?" ನ್ಯಾಯವಾದ ಪ್ರಶ್ನೆ. ಟನ್ ಲೆಕ್ಕದಲ್ಲಷ್ಟೇ ದುಡ್ಡು ಕೊಟ್ಟು ಗುಣಮಟ್ಟ ಕೇಳುವುದು ಕೊಳ್ಳುವವರ ದಡ್ಡತನ ಅಂತಲೇ ನನ್ನ ಅಭಿಪ್ರಾಯ.

ಇನ್ನು ಬ್ರಿಕ್ಸ್. ಕೆಂಪು ವೈನಿಗೆ 22ರಿಂದ 24 ಇದ್ದರೆ ಸಾಕು. ಒಂದು ಬ್ರಿಕ್ಸಿಗೆ ಸುಮಾರು 0.55ರಿಂದ 0.6 ಶೇಕಡಾ ಆಲ್ಕೋಹಾಲ್ ಬರುತ್ತದೆ, ಅಂದರೆ 23ಕ್ಕೆ 13ರ ಆಸುಪಾಸು. ಎಲ್ಲರೂ ಇಲ್ಲಿಗೇ ನಿಲ್ಲುತ್ತಾರೆ. ಆದರೆ ಮಾರ್ಚ್ ಬಿಸಿಲಿಗೆ ಸಕ್ಕರೆ ಓಡೋಡಿ ಬರುತ್ತದೆ, ರಾತ್ರಿಯೂ ಸೆಕೆ ಇದ್ದರೆ ಹಣ್ಣಿನೊಳಗಿನ ಮ್ಯಾಲಿಕ್ ಆಮ್ಲ ಕರಗಿ ಹೋಗುತ್ತದೆ, ಪಿಎಚ್ ಏರುತ್ತದೆ, ಅಂದರೆ ಹುಳಿ ಇಳಿಯುತ್ತದೆ. ಬ್ರಿಕ್ಸ್ 24 ತೋರಿಸುವ ಹೊತ್ತಿಗೆ ಪಿಎಚ್ 3.8 ಆಗಿದ್ದರೆ ಬಣ್ಣ ಮಂಕು, ಬ್ಯಾಕ್ಟೀರಿಯಾಕ್ಕೆ ಹಬ್ಬ. ವೈನ್ ಕೆಡದಂತೆ ಕಾಯುವ ಸಲ್ಫರ್ ಡೈಆಕ್ಸೈಡ್ ಹಾಕಿದರಾಯಿತು ಅನ್ನಬೇಡಿ. ಪಿಎಚ್ 3.2 ಇದ್ದಾಗ ಲೀಟರಿಗೆ ಸುಮಾರು 20 ಮಿಲಿಗ್ರಾಂ ಫ್ರೀ (ಬೇರೆ ಯಾವುದಕ್ಕೂ ಅಂಟದೆ ಉಳಿದ) ಸಲ್ಫರ್ ಡೈಆಕ್ಸೈಡ್ ಮಾಡುವ ಕೆಲಸಕ್ಕೆ 3.8ರಲ್ಲಿ ಹತ್ತಿರ ಹತ್ತಿರ 80 ಬೇಕು. ಅಷ್ಟು ಹಾಕಿದರೆ ಮೂಗಿಗೇ ಹೊಡೆಯುತ್ತದೆ. ಟಾರ್ಟಾರಿಕ್ ಆಮ್ಲ ಸೇರಿಸಿ ಸರಿ ಮಾಡಬಹುದು, ಮಾಡುತ್ತೇವೆ ಕೂಡ. ಆದರೂ ನಾಲ್ಕು ದಿನ ಮೊದಲೇ ಕೊಯ್ದ ಹಣ್ಣಿನ ರುಚಿ ಬೇರೆಯೇ.

ಸ್ಯಾಂಪಲ್ ತರುವುದರಲ್ಲೇ ಅರ್ಧ ಮೋಸ ನಡೆಯುತ್ತದೆ. ಕೈ ತಾನಾಗಿ ಚೆಂದದ ಕಾಳಿನ ಕಡೆಗೇ ಹೋಗುತ್ತದೆ, ಅಲ್ವಾ? ಸಾಲಿನ ಎರಡೂ ಬದಿಯಿಂದ, ಗೊನೆಯ ಮೇಲಿಂದ, ತುದಿಯಿಂದ, ಎಲೆ ಮರೆಯಲ್ಲಿದ್ದದ್ದನ್ನೂ ಕೀಳಬೇಕು. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ. ಪ್ಲಾಸ್ಟಿಕ್ ಚೀಲದಲ್ಲಿ ಹಿಚುಕಿ ರಸ ತೆಗೆದು ಬ್ರಿಕ್ಸ್, ಪಿಎಚ್ ಎರಡೂ ನೋಡಬೇಕು. ಆಮೇಲೆ ಬಾಯಿಗೆ ಹಾಕಿಕೊಳ್ಳಬೇಕು, ಇದನ್ನು ಹೊಸ ಹುಡುಗರು ಮಾಡುವುದೇ ಇಲ್ಲ. ಬೀಜ ಇನ್ನೂ ಹಸಿರಿದ್ದು ಕಹಿ ಒಗರು ಬಂದರೆ ಹಣ್ಣು ಬಲಿತಿಲ್ಲ. ಕಂದಾಗಿ, ಕಡಿದರೆ ಕಟುಂ ಅಂದರೆ ಆಯಿತು. ಸಿಪ್ಪೆ ಅಗಿದು ಬೆರಳಿಗೆ ಉಜ್ಜಿ, ಬಣ್ಣ ಹತ್ತುತ್ತದಾ ನೋಡಿ.

ಕೊಯ್ಲು ನಸುಕಿನಲ್ಲೇ, ಬಿಸಿಲೇರುವ ಮೊದಲು. ಹುದುಗುವ ಟ್ಯಾಂಕಿನಲ್ಲಿ ಕೆಂಪು ವೈನಿಗೆ 25ರಿಂದ 30 ಡಿಗ್ರಿ ಸೆಲ್ಸಿಯಸ್. 35 ದಾಟಿದರೆ ಯೀಸ್ಟ್ ಸುಸ್ತಾಗಿ ಹುದುಗುವಿಕೆ ನಡುವೆಯೇ ನಿಲ್ಲಬಹುದು. ಮೇಲೆ ತೇಲುವ ಸಿಪ್ಪೆಯನ್ನು ದಿನಕ್ಕೆ ಎರಡು ಮೂರು ಸಲ ಒತ್ತಿ ಮುಳುಗಿಸಬೇಕು. ಆ ಹೊತ್ತಿನಲ್ಲಿ ಒಬ್ಬರೇ ಟ್ಯಾಂಕಿನ ಮೇಲೆ ಬಗ್ಗಬೇಡಿ. ಅಲ್ಲಿ ತುಂಬಿರುವುದು ಕಾರ್ಬನ್ ಡೈಆಕ್ಸೈಡ್, ಕೆಮ್ಮುವಷ್ಟು ಹೊತ್ತೂ ಕೊಡುವುದಿಲ್ಲ.

ಇನ್ನೊಂದು ಮಾತು. ತೋಟದಲ್ಲಿ ನಂಬಿದ ರಿಫ್ರಾಕ್ಟೋಮೀಟರನ್ನು (ಬೆಳಕಿನ ಬಾಗುವಿಕೆಯಿಂದ ಬ್ರಿಕ್ಸ್ ಅಳೆಯುವ ಸಾಧನ) ಟ್ಯಾಂಕಿನ ಹತ್ತಿರ ತರಬೇಡಿ. ಆಲ್ಕೋಹಾಲ್ ಸೇರಿದ ಮೇಲೆ ಅದು ಸುಳ್ಳು ಹೇಳುತ್ತದೆ. ಸಕ್ಕರೆ ಪೂರ್ತಿ ಮುಗಿದ ವೈನಿಗೂ 7, 8 ಬ್ರಿಕ್ಸ್ ತೋರಿಸುತ್ತದೆ. ಅದೇ ವೈನಿನಲ್ಲಿ ಹೈಡ್ರೋಮೀಟರ್ (ದ್ರವದಲ್ಲಿ ತೇಲಿಸಿ ಸಾಂದ್ರತೆ ನೋಡುವ ಕೊಳವೆ) ಬಿಟ್ಟರೆ ಸೊನ್ನೆಗಿಂತ ಕೆಳಗೆ ಇರುತ್ತದೆ.